ತೋರುಬೆರಳಿನ ಲಾಡಿ

ಆ ಚಳಿಗಾಲದಲ್ಲಿ ನನಗೆ ಒಂದು ಹಲ್ಲು ನೋಯುತ್ತಿತ್ತು. ಅದನ್ನು ಬಿಟ್ಟರೆ ಬೇರೇನೂ ಅನ್ನಿಸುತ್ತಿರಲಿಲ್ಲ. ಎಡಗಡೆಯ ಕೆಳಗಿನ ದವಡೆಹಲ್ಲು. ತೋರಿಸಿಕೊಳ್ಳಬೇಕು ಎಂದು ಬೇಸಿಗೆಯಿಂದ ಅಂದುಕೊಳ್ಳುತ್ತಲೇ ಇದ್ದೆ, ತೋರಿಸಿರಲಿಲ್ಲ. ಬಲಗಡೆಯಲ್ಲೇ ಅಗಿಯುವುದು ರೂಢಿಯಾಗಿಹೋಗಿತ್ತು. ಮಧ್ಯಾಹ್ನದ ಡಬ್ಬಿಗೆ ದಿನಾ ಮೊಸರನ್ನ. ಅಗಿಯುವ ಗೊಡವೆಯೇ ಇಲ್ಲ.

ನಾನು ಸೌತ್‌ಫೀಲ್ಡ್‌ನ ಒಂದು ಕ್ಲಿನಿಕ್ಕಿನಲ್ಲಿ ಕೈಗಳಿಗೆ ಥೆರಪಿ ಮಾಡುವವಳು. ಸರ್ಜನ್ ಹೊಲಿದು ಕಳಿಸುತ್ತಾರೆ. ಹೊಲಿದದ್ದು ಮತ್ತೆ ಕೈಯಂತೆ ಕೆಲಸ ಮಾಡುವ ಹಾಗೆ ನೋಡಿಕೊಳ್ಳುವುದು ನನ್ನ ಪಾಲು. ಆ ವರ್ಷ ಕ್ಲಿನಿಕ್ಕಿನ ಮಾಲೀಕರು ಬದಲಾಗಿ, ಒಬ್ಬೊಬ್ಬ ರೋಗಿಗೆ ಅರ್ಧ ಗಂಟೆ ಎಂದು ಕತ್ತರಿ ಹಾಕಿದ್ದರು. ಮನೆಯಲ್ಲಿ ನಾನೊಬ್ಬಳೇ. ನನ್ನ ಗಂಡನಿಗೆ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಕೆಲಸ ಸಿಕ್ಕಿತ್ತು. ಮೊದಮೊದಲು ಪ್ರತಿ ಶುಕ್ರವಾರ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಆಮೇಲೆ ಹಿಮ ಅಂದರು. ಹಿಮ ಬೀಳದ ವಾರವೂ ಬರಲಿಲ್ಲ. ಫೋನಿನಲ್ಲಿ "ಊಟ ಆಯ್ತಾ?" "ಆಯ್ತು. ನಿಮ್ದು?" "ಆಯ್ತು." ಜಗಳವೇನೂ ಆಗಿರಲಿಲ್ಲ. ಜಗಳ ಆಡುವುದಕ್ಕೂ ಒಂದಿಷ್ಟು ಆಸೆ ಬೇಕಲ್ಲ.

ಕೆಲಸದಲ್ಲಿ ಮಾತ್ರ ಏನೂ ಕೊರತೆ ಮಾಡಿರಲಿಲ್ಲ. ಬೆರಳು ಕಳೆದುಕೊಂಡವರು ಮುಂದೆ ಕೂತು ಅತ್ತರೆ ಟಿಶ್ಯೂ ಡಬ್ಬಿ ಸರಿಸುತ್ತಿದ್ದೆ, ಅಳು ನಿಂತ ಮೇಲೆ ಅಳತೆ ತೆಗೆದುಕೊಳ್ಳುತ್ತಿದ್ದೆ. ನನಗೂ ಅಳು ಬರುವ ಕಾಲವೊಂದಿತ್ತು. ಯಾವಾಗ ನಿಂತಿತೋ ಗಮನಿಸಿರಲಿಲ್ಲ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ವಾರ ಆಕೆ ಬಂದರು. ಹತ್ತಿರದ ನೋವೈ ಎಂಬ ಊರಿನವರು, ಮೂಲ ಬಾಗಲಕೋಟೆ ಕಡೆ. ಬಲಗೈ ತುಂಬ ಬ್ಯಾಂಡೇಜು. ಹಿಂದೆ ಸ್ವೆಟರಿನ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದ ಅತ್ತೆ. ಆಕೆ ಹಲ್ಲಿನ ಡಾಕ್ಟರು. ಊರಿನಲ್ಲಿ ಒಮ್ಮೆ ಓದಿ ಪಾಸಾಗಿ, ಇಲ್ಲಿಗೆ ಬಂದು ಮಕ್ಕಳನ್ನು ಸಾಕುತ್ತಾ ಮತ್ತೆ ಮೊದಲಿನಿಂದ ಓದಿ, ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ರಾಚೆಸ್ಟರ್ ಹಿಲ್ಸ್‌ನ ಒಂದು ದಂತ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಪೆಟ್ಟಾಗಿದ್ದು ಬಲಗೈಗೆ, ಅದೂ ತೋರುಬೆರಳಿಗೆ. ಕಿರುಬೆರಳಾಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಹಲ್ಲಿನ ಡಾಕ್ಟರಿಗೆ ತೋರುಬೆರಳು ಹೋದರೆ ಓದಿದ್ದೆಲ್ಲ ಹೋದ ಹಾಗೆ.

"ಹೇಗಾಯ್ತು?" ಎಂದೆ.

"ಫ್ರೋಜನ್ ಕೊಬ್ಬರಿ," ಎಂದರು, ತಲೆ ತಗ್ಗಿಸಿ.

ನನಗೆ ಮುಂದೆ ಹೇಳಬೇಕಾಗಿರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಸಿಗುವ ಕೊಬ್ಬರಿ ತುರಿಯ ಪ್ಯಾಕೆಟ್ಟು. ಫ್ರೀಜರಿನಿಂದ ತೆಗೆದರೆ ಇಟ್ಟಿಗೆಯ ಹಾಗಿರುತ್ತದೆ. ಕರಗುವವರೆಗೆ ಕಾಯುವ ತಾಳ್ಮೆ ನಮ್ಮವರಿಗಿಲ್ಲ, ಚಟ್ನಿ ಈಗಲೇ ಆಗಬೇಕು. ಒಂದು ಕೈಯಲ್ಲಿ ಚೂರಿ ತಗೊಂಡು, ಇನ್ನೊಂದರಲ್ಲಿ ಇಟ್ಟಿಗೆ ಹಿಡಿದು, ಚುಚ್ಚಿ ಮೀಟುವುದು. ಆಕೆ ಎಡಚರಂತೆ, ಚೂರಿಗೆ ಮಾತ್ರ. ಊಟಕ್ಕೂ ಬರವಣಿಗೆಗೂ ಚಿಕ್ಕಂದಿನಲ್ಲೇ ಬಡಿದು ಬಲಗೈ ರೂಢಿ ಮಾಡಿಸಿದ್ದರು, ಹಲ್ಲಿನ ಕೆಲಸವೂ ಅದೇ ಕೈಗೆ ಬಂದಿತ್ತು. ಚೂರಿ ಜಾರಿ ತೋರುಬೆರಳಿನ ಬುಡಕ್ಕೆ ಹೊಕ್ಕಿತ್ತು. ಗಾಯ ಅರ್ಧ ಇಂಚೂ ಇರಲಿಲ್ಲ. ಒಳಗೆ ಎರಡು ಸ್ನಾಯುರಜ್ಜುಗಳೂ ಹೆಬ್ಬೆರಳ ಕಡೆಯ ನರವೂ ಪೂರ್ತಿ ತುಂಡಾಗಿದ್ದವು.

ಸ್ನಾಯುರಜ್ಜು ಅಂದರೆ ಟೆಂಡನ್ನು. ನಮ್ಮಲ್ಲಿ ಎಲ್ಲದಕ್ಕೂ ನರ ಎಂದೇ ಹೇಳಿ ಮುಗಿಸುತ್ತಾರೆ. ಅತ್ತೆಯೂ "ನರ ಹರದೈತೆಂತ್ರಿ," ಎಂದರು. ಬೆರಳುಗಳಲ್ಲಿ ಮಾಂಸಖಂಡವೇ ಇಲ್ಲ, ಮಡಿಸುವ ಶಕ್ತಿ ಇರುವುದು ಮುಂಗೈಯಲ್ಲಿ, ಅಲ್ಲಿಂದ ಹಗ್ಗದಂಥ ಟೆಂಡನ್ನುಗಳು ಬೆರಳಿನವರೆಗೆ ಹೋಗಿ ಎಳೆಯುತ್ತವೆ ಎಂದು ನಾನು ಎಲ್ಲರಿಗೂ ಹೇಳುವ ಪಾಠ ಶುರು ಮಾಡಿದೆ. ಅತ್ತೆಯ ಮುಖ ನೋಡಿ ನಿಲ್ಲಿಸಿದೆ.

"ಅಮ್ಮಾ, ಲಂಗಕ್ಕೆ ಲಾಡಿ ಹಾಕ್ತೀರಲ್ಲ," ಎಂದೆ. "ಲಾಡಿ ತುಂಡಾದ್ರೆ ಏನಾಗುತ್ತೆ?"

"ಒಳಗ ಹೊಕ್ಕೊಂಡ ಬಿಡತೈತ್ರಿ. ಪಿನ್ನ ಹಾಕಿ ಜಗ್ಗಬೇಕು."

"ಅದೇ. ತುದಿ ಒಳಗೆ ಸರಿದು ಅಂಗೈ ಹತ್ತಿರ ಹೋಗಿ ಕೂತಿತ್ತು. ಸರ್ಜನ್ ಹುಡುಕಿ ಎಳೆದು ಹೊಲಿದಿದಾರೆ. ಈ ಬೆರಳಲ್ಲಿ ಒಂದೇ ಸಂದಿಯಲ್ಲಿ ಎರಡು ಲಾಡಿ. ಮೇಲಿನದು ನಡುಗೆಣ್ಣು ಮಡಿಸುತ್ತೆ, ಒಳಗಿನದು ತುದಿ ಮಡಿಸುತ್ತೆ. ಈಗ ಎರಡರಲ್ಲೂ ಗಂಟಿದೆ. ಸಂದಿ ಇಕ್ಕಟ್ಟು."

ಅತ್ತೆ ತಮ್ಮ ಸೊಂಟ ಮುಟ್ಟಿಕೊಂಡು ನೋಡಿದರು. ಸೊಸೆ ಮೊದಲ ಸಲ ನಕ್ಕರು. ನಾನು ನಗಲಿಲ್ಲ, ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಹೋಗಿತ್ತು.

ಬಿಸಿನೀರಿನ ತಟ್ಟೆಯಲ್ಲಿ ಪ್ಲಾಸ್ಟಿಕ್ ಹಾಳೆ ಮೆತ್ತಗಾಗಲು ಬಿಟ್ಟು, ಬ್ಯಾಂಡೇಜು ಬಿಚ್ಚಿದೆ. ಊದಿಕೊಂಡ ಬೆರಳು, ಅಂಕುಡೊಂಕಾದ ಹೊಲಿಗೆಯ ಸಾಲು, ಒಣಗಿದ ರಕ್ತ. ಹಾಳೆಯನ್ನು ಕೈಯ ಹಿಂಬದಿಗೆ ಒತ್ತಿ, ಬೆರಳುಗಳು ಬುಡದಲ್ಲಿ ಬಾಗಿರುವಂತೆ ಅಚ್ಚು ಹಿಡಿದು, ತಣಿದ ಮೇಲೆ ಪಟ್ಟಿ ಕಟ್ಟಿದೆ. ಇದೇ ಸ್ಪ್ಲಿಂಟು. ಬೆರಳು ಒಳಕ್ಕೆ ಮಡಿಯಬಹುದು, ಹೊರಕ್ಕೆ ಪೂರ್ತಿ ನೆಟ್ಟಗಾಗುವಂತಿಲ್ಲ, ನೆಟ್ಟಗಾದರೆ ಹೊಲಿಗೆಗೆ ಎಳೆತ ಬೀಳುತ್ತದೆ. ಹಗಲು ಗಂಟೆಗೊಮ್ಮೆ ಎಡಗೈಯಿಂದ ಬೆರಳನ್ನು ಮೆಲ್ಲಗೆ ಒತ್ತಿ ಮಡಿಸಬೇಕು. ಆಮೇಲೆ ತಾನಾಗಿ ಅರ್ಧ ಮುಷ್ಟಿಯಷ್ಟು ಮಡಿಸಬೇಕು. ಏನನ್ನೂ ಹಿಡಿಯಬಾರದು, ಎತ್ತಬಾರದು, ಎಳೆಯಬಾರದು.

ಟೆಂಡನ್ನಿನ ಕಥೆ ಅತ್ತ ದರಿ ಇತ್ತ ಪುಲಿ. ಜೋರಾಗಿ ಅಲುಗಾಡಿಸಿದರೆ ಹೊಲಿಗೆ ಕಿತ್ತುಬರುತ್ತದೆ. ಅಲುಗಾಡಿಸದೆ ಸುಮ್ಮನಿಟ್ಟರೆ ಗಾಯ ಮಾಗುತ್ತಾ ಟೆಂಡನ್ನು ಸುತ್ತಲಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಲಾಡಿಯನ್ನು ಮುಂಗೈ ಎಷ್ಟು ಎಳೆದರೂ ಬೆರಳು ಮಡಿಯುವುದಿಲ್ಲ. ಎರಡರ ನಡುವೆ ಒಂದು ಕಿರಿದಾದ ದಾರಿ ಇದೆ, ಅದರಲ್ಲಿ ನಡೆಸುವುದಕ್ಕೇ ನನಗೆ ಸಂಬಳ.

ವಾರಕ್ಕೆ ಎರಡು ಸಲ ಅವರು ಬರುತ್ತಿದ್ದರು. ಗಾಯ ಒಣಗಿತು, ಊತ ಇಳಿಯಿತು. ಬೆರಳು ಮಾತ್ರ ಮಡಿಯಲಿಲ್ಲ. ನಾನು ಒತ್ತಿದರೆ ಅಂಗೈ ಮುಟ್ಟುವಷ್ಟು ಮಡಿಯುತ್ತಿತ್ತು. ತಾನಾಗಿ ಮಡಿಸಿ ಎಂದರೆ ಸ್ವಲ್ಪ ನಡುಗಿ ಅಲ್ಲೇ ನಿಲ್ಲುತ್ತಿತ್ತು. ಎಂದರೆ ಕೀಲು ಚೆನ್ನಾಗಿದೆ, ಲಾಡಿ ಅಂಟಿಕೊಳ್ಳುತ್ತಿದೆ.

"ಗಂಟೆಗೊಂದ್ಸಲ ಎಕ್ಸರ್‌ಸೈಜ್ ಮಾಡ್ತಿದೀರಾ?"

"ಮಾಡಾಕತ್ತೀನ್ರಿ ಮೇಡಂ."

ಕೈ ಬೇರೆಯದನ್ನೇ ಹೇಳುತ್ತಿತ್ತು. ಬಳಸದ ಕೈಗೆ ಒಂದು ನುಣುಪು ಬರುತ್ತದೆ, ಗೆಣ್ಣಿನ ಗೆರೆಗಳು ಮಾಯವಾಗುತ್ತವೆ. ನಾನು ಬಯ್ಯಲಿಲ್ಲ. ಮೊದಲಾಗಿದ್ದರೆ ಬಯ್ಯುತ್ತಿದ್ದೆ, ನನ್ನ ಬಾಯಿ ಜೋರು ಎಂದು ಕ್ಲಿನಿಕ್ಕಿನಲ್ಲಿ ಹೆಸರಿತ್ತು. ಅವತ್ತು ಅಳತೆ ಬರೆದುಕೊಂಡು ಮುಂದಿನ ರೋಗಿಯನ್ನು ಕರೆದೆ.

ಕ್ರಿಸ್‌ಮಸ್‌ಗೆ ಮುಂಚೆ ಸರ್ಜನ್ ಪರೀಕ್ಷೆ ಮಾಡಿದರು. ಹೀಗೇ ಇದ್ದರೆ ವಸಂತದಲ್ಲಿ ಮತ್ತೆ ಕುಯ್ದು ಅಂಟು ಬಿಡಿಸಬೇಕಾಗುತ್ತದೆ, ಆದರೆ ಕುಯ್ದ ಜಾಗ ಮತ್ತೆ ಅಂಟಿಕೊಳ್ಳುವುದೂ ಉಂಟು, ಬಿಡಿಸುವಾಗ ಹರಿಯುವುದೂ ಉಂಟು ಎಂದು ಹೇಳಿ ಕಳಿಸಿದರು. ಅವತ್ತು ನನ್ನ ಮೇಜಿಗೆ ಬಂದು ಕೂತಾಗ ಆಕೆಯ ಮುಖದಲ್ಲಿ ರಕ್ತವಿರಲಿಲ್ಲ.

"ನಮ್ಮ ದವಾಖಾನ್ಯಾಗ ನನ್ನ ಜಾಗಾಕ್ಕ ಬ್ಯಾರೇದವರನ್ನ ನೋಡಾಕತ್ತಾರ," ಎಂದರು. "ನೇರ ಹೇಳಿಲ್ಲ. 'ಟೇಕ್ ಯುವರ್ ಟೈಮ್' ಅಂತಾರ. ಅಂದ್ರ ಗೊತ್ತಾತಲ್ರಿ."

ಪಕ್ಕದಲ್ಲಿದ್ದ ಅತ್ತೆ ತಡೆಯಲಾರದೆ ಬಾಯಿ ಹಾಕಿದರು. "ನಾ ಏನೂ ಕಮ್ಮಿ ಮಾಡಿಲ್ರಿ ಬಾಯಾರ. ಆ ಬೆರಳ ಅಳ್ಳಾಡಸಾಕs ಬಿಟ್ಟಿಲ್ಲ. ತಲಿ ನಾನs ಬಾಚತೀನಿ. ನಾನs ತುತ್ತ ಮಾಡಿ ಉಣಸ್ತೀನಿ. ಹೊಲದದ್ದು ಗಟ್ಟಿ ಆಗೂತನಾ ಸುಮ್ನ ಇರಬೇಕಲ್ರಿ?"

ಸೊಸೆ ಸ್ಪ್ಲಿಂಟಿನ ಪಟ್ಟಿ ಸರಿಮಾಡಿಕೊಂಡರು.

"ನೀವಾದ್ರೂ ಹೇಳ್ಬಾರ್ದಾ ಅವರಿಗೆ?" ಎಂದೆ ಆಕೆಗೆ.

"ನನಗೂ ಅಂಜಿಕಿನs ಇತ್ರಿ," ಎಂದರು. "ಮಡಚೂ ಮುಂದ ಟಪ್ ಅಂತ ಹರದ್ರ? ಅತ್ತಿ ಬ್ಯಾಡ ಅಂದಾಗ ನನಗ ಒಳಗ ಹಗರ ಆಗತಿತ್ತು."

ಅದು ನಿಜವಾದ ಮಾತು. ಅತ್ತೆಯ ಪ್ರೀತಿ, ಸೊಸೆಯ ಭಯ, ಎರಡೂ ಸೇರಿ ಒಂದು ಬೆರಳನ್ನು ಮಲಗಿಸಿಬಿಟ್ಟಿದ್ದವು. ಬಿಳಿಯರ ಮನೆಯಲ್ಲಿ ಇದು ಆಗುವುದಿಲ್ಲ. ಅಲ್ಲಿ ಎಡಗೈಗೆ ಒಂದು ಫೋರ್ಕ್ ಕೊಟ್ಟು ಅವರವರ ಪಾಡಿಗೆ ಬಿಡುತ್ತಾರೆ. ನಮ್ಮವರು ಉಣ್ಣಿಸುತ್ತಾರೆ.

ಎಕ್ಸರ್‌ಸೈಜ್ ಹೇಳಿದರೆ ಈ ಕೈ ಮಾಡುವುದಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಬೆರಳನ್ನೇ ದಿಟ್ಟಿಸುತ್ತಾ ಮಡಿಸು ಮಡಿಸು ಎಂದುಕೊಂಡರೆ ಭಯ ಬಂದು ಮುಂಗೈ ಬಿಗಿಯುತ್ತದೆ. ಬೆರಳಿನ ನೆನಪೇ ಆಗದಂಥ ಕೆಲಸ ಬೇಕು, ಆದರೆ ಭಾರ ಇರಬಾರದು. ನನ್ನ ಕಣ್ಣು ಮೇಜಿನ ತುದಿಯಲ್ಲಿದ್ದ ನನ್ನ ಡಬ್ಬಿಯ ಮೇಲೆ ಬಿತ್ತು. ಮೊಸರನ್ನ ಕಲಸುವಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಬೆರಳುಗಳು ಒಟ್ಟಿಗೆ ಅರ್ಧ ಮಡಿಯುತ್ತವೆ. ನಾನು ಕಲಿಸಬೇಕಾದ ಚಲನೆಯೇ ಅದು.

ಸ್ಪ್ಲಿಂಟು ಬಿಚ್ಚುವುದಕ್ಕೆ ಇನ್ನೂ ಸಮಯವಿತ್ತು. ಸರ್ಜನ್‌ಗೆ ಫೋನ್ ಮಾಡಿದೆ. ಅನ್ನ ಬೆರಳಲ್ಲಿ ಕಲಸುವುದನ್ನು ಆ ಮನುಷ್ಯನಿಗೆ ವಿವರಿಸುವುದರಲ್ಲಿ ನನ್ನ ಇಂಗ್ಲಿಷೆಲ್ಲ ಖಾಲಿಯಾಯಿತು.

"ಎಷ್ಟು ಗಟ್ಟಿ ಇರುತ್ತೆ ಅದು?" ಎಂದರು.

"ಓಟ್‌ಮೀಲ್‌ಗಿಂತ ಮೆತ್ತಗೆ. ಹಿಡಿತ ಇಲ್ಲ, ಎಳೆತ ಇಲ್ಲ."

"ಹರಿದರೆ ಪೂರ್ತಿ ಹೋಗುತ್ತೆ, ಗೊತ್ತಲ್ಲ? ಮೊದಲು ನಿನ್ನ ಕಣ್ಣೆದುರು ಮಾತ್ರ," ಎಂದರು.

ನನ್ನ ಊಟದ ಹೊತ್ತಿಗೇ ಅತ್ತೆ ಸೊಸೆಯನ್ನು ಕರೆದೆ, ಆ ಅರ್ಧ ಗಂಟೆಯ ಮೇಲೆ ಯಾರ ಕತ್ತರಿಯೂ ಇರಲಿಲ್ಲ. ಅನ್ನ ಮೆತ್ತಗೆ ಬೇಯಿಸಿ, ಹಾಲು ಮೊಸರು ಹಾಕಿ, ಒಗ್ಗರಣೆಯ ಮೆಣಸಿನಕಾಯಿ ಆರಿಸಿ ತೆಗೆದು ತಂದಿದ್ದೆ. ಸ್ಪ್ಲಿಂಟು ಬಿಚ್ಚಿ, ಕೈ ತೊಳೆಸಿ, ತಟ್ಟೆ ಮುಂದಿಟ್ಟೆ. ಆಕೆ ಅನ್ನದೊಳಗೆ ಬೆರಳಿಟ್ಟು ಹಾಗೇ ಕೂತರು.

"ಕಲಸಿ."

"ಅಂಜಿಕಿ ಬರತೈತ್ರಿ."

"ಅನ್ನಕ್ಕೆ ಯಾರಾದ್ರೂ ಹೆದರ್ತಾರೇನ್ರೀ? ಕಲಸಿ ಸುಮ್ನೆ."

ಕಲಸಿದರು. ಮೂರು ಬೆರಳು ಕೆಲಸ ಮಾಡಿದವು, ತೋರುಬೆರಳು ಮದುವೆಗೆ ಬಂದ ದೂರದ ನೆಂಟರ ಹಾಗೆ ಪಕ್ಕದಲ್ಲಿ ನಿಂತಿತ್ತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ ಬಿತ್ತು. "ಈ ಕಡೆ ಅನ್ನ ಐತೋ ಇಲ್ಲೋ ಗೊತ್ತs ಆಗವಲ್ದು," ಎಂದು ಹೆಬ್ಬೆರಳ ಪಕ್ಕದ ಭಾಗ ತೋರಿಸಿದರು. ಹರಿದ ನರದ ಜಾಗ ಅದು. ನರ ಹೊಲಿದರೂ ತಿಂಗಳಿಗೆ ಒಂದಿಂಚಿನ ಹಾಗೆ ತೆವಳಿಕೊಂಡು ಬೆಳೆಯಬೇಕು, ಅಲ್ಲಿಯವರೆಗೆ ಮರಗಟ್ಟಿಯೇ ಇರುತ್ತದೆ. ಹಾಗೆ ಇರುವುದು ಹೇಗೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅತ್ತೆಗೆ ನೋಡಲಾಗಲಿಲ್ಲ. "ನಾ ಒಂದs ತುತ್ತ ಕೊಡ್ಲೇನ್ರಿ," ಎಂದು ಎದ್ದರು. "ಅಮ್ಮಾ, ಕೂತ್ಕೊಳ್ಳಿ," ಎಂದೆ. ಕೂತರು. ಆಮೇಲೆ ಸೊಸೆಯ ಕೈಯೂ ಗದ್ದವೂ ಬಿಳಿಯಾದದ್ದು ನೋಡಿ, "ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ನಮ್ಮಾಕೀದು ನೋಡ್ರಿ, ಎಲ್ಲಾನೂ ಮೊಸರು," ಎಂದರು. ಆಕೆ ನಗುತ್ತಾ ಇನ್ನೊಂದು ತುತ್ತು ತೆಗೆದುಕೊಂಡರು. ನಗುವಾಗ ಬೆರಳಿನ ಮೇಲೆ ಗಮನವಿರಲಿಲ್ಲ. ಬೆರಳು ಒಂದು ಗೆರೆಯಷ್ಟು ಒಳಗೆ ಬಂತು. ನಾನು ನೋಡಿದೆ, ಹೇಳಲಿಲ್ಲ.

ಹೀಗೆ ಮೂವರೂ ಒಟ್ಟಿಗೆ ಊಟ ಮಾಡುವುದು ರೂಢಿಯಾಯಿತು. ಒಂದು ದಿನ ಆಕೆ ನನ್ನನ್ನೇ ನೋಡುತ್ತಾ, "ನೀವು ಒಂದs ಕಡೆ ಅಗೀತೀರಿ," ಎಂದರು.

"ಎಡಗಡೆ ಹಲ್ಲು."

"ಎಷ್ಟ ದಿನಾ ಆತು?"

"ಬೇಸಿಗೆಯಿಂದ."

"ಛಲೋ ಮಾಡೀರಿ! ನನಗ ಗಂಟೆಗೊಮ್ಮಿ ಎಕ್ಸರ್‌ಸೈಜ್ ಅಂತ ಜೋರ ಮಾಡತೀರಿ. ಈ ಕೈ ನೆಟ್ಟಗಾಗ್ಲಿ, ನಾನs ನೋಡತೀನಿ ನಿಮ್ಮ ಹಲ್ಲ. ಮಾತ ಇದು."

ನಾನು ಹೂಂ ಎಂದೆ. ಆ ಕೈ ಅಷ್ಟು ದೂರ ಬರುತ್ತದೆ ಎಂದು ನನಗೆ ನಂಬಿಕೆ ಇರಲಿಲ್ಲ.

ಹೊಸ ವರ್ಷದ ನಂತರ ಮನೆಯಲ್ಲೂ ರಾತ್ರಿಯೂಟ ತನ್ನ ಕೈಯಿಂದಲೇ ಮಾಡಬಹುದು, ಊಟವಾದ ಕೂಡಲೇ ಸ್ಪ್ಲಿಂಟು ಕಟ್ಟಬೇಕು ಎಂದೆ. ಅತ್ತೆಗೆ ಬೇರೆಯಾಗಿ ಹೇಳಿದೆ: ಅನ್ನ ಮಾತ್ರ. ರೊಟ್ಟಿ ಬೇಡ. ಬಾಗಲಕೋಟೆಯ ಕಡೆ ರೊಟ್ಟಿಯನ್ನು ಬಲಗೈ ಒಂದರಿಂದಲೇ ಮುರಿಯುತ್ತಾರೆ. ಬಡಿಸಿಕೊಳ್ಳುವುದಕ್ಕೆ ಎಡಗೈ ಎಂಜಲಾಗಬಾರದಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಚಿವುಟಿ, ಮಿಕ್ಕ ಬೆರಳಿಂದ ಒತ್ತಿ ಹಿಡಿದು ಎಳೆಯುವುದು. ಹೊಸ ಹೊಲಿಗೆಗೆ ಅದಕ್ಕಿಂತ ಕೆಟ್ಟ ಎಳೆತ ಇಲ್ಲ.

"ಬರೇ ಅನ್ನ ಉಂಡ್ರ ಹೊಟ್ಟಿ ತುಂಬತೈತೇನ್ರಿ?" ಎಂದರು ಅತ್ತೆ. ಆದರೂ ಒಪ್ಪಿಕೊಂಡರು. ರೊಟ್ಟಿಯನ್ನು ತಾವೇ ಪುಡಿ ಮಾಡಿ, ಹಾಲಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಸೊಸೆಯ ಮುಂದೆ ಇಡುತ್ತಿದ್ದರಂತೆ. ಅದು ನನಗೂ ಒಪ್ಪಿಗೆಯಾಗಿತ್ತು.

ಬೆರಳು ಸರಿಯುತ್ತಾ ಬಂತು. ತುದಿ ಮಾತ್ರ ಇನ್ನೂ ಮೊಂಡು. ಅಷ್ಟರಲ್ಲಿ ಸಂಕ್ರಾಂತಿ ಬಂತು.

ಹಬ್ಬದ ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮುಂಚೆಯೇ ಅವರ ಕಾರು ನಿಂತಿತ್ತು. ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಆಕೆ ಕೋಟನ್ನೂ ಹಾಕಿಕೊಳ್ಳದೆ ಇಳಿದು ಬಂದರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು.

"ಹರದೈತಿ," ಎಂದರು. "ಸಪ್ಪಳ ಕೇಳಿಸ್ತು."

ಕೂರಿಸಿ ಕೇಳಿದೆ. ಹಬ್ಬಕ್ಕೆ ಊರ ಕಡೆಯ ನಾಲ್ಕಾರು ಮನೆಯವರನ್ನು ಕರೆದಿದ್ದರು. ಅತ್ತೆ ಊರಿಂದ ತಂದ ಸಜ್ಜೆ ಹಿಟ್ಟಿನಲ್ಲಿ ಎಳ್ಳು ಹಚ್ಚಿದ ರೊಟ್ಟಿ ಬಡಿದಿದ್ದರು, ಎಣಗಾಯಿ, ಕಾಳುಪಲ್ಯ, ಶೇಂಗಾ ಹೋಳಿಗೆ. ಅತ್ತೆ ಅಡುಗೆಮನೆಯಲ್ಲಿದ್ದರು. ಸಾಲಿನಲ್ಲಿ ಕೂತ ಒಬ್ಬ ಆಂಟಿ, ಆಕೆ ಬಟ್ಟಲಲ್ಲಿ ನೆನೆಸಿದ ರೊಟ್ಟಿ ತಿನ್ನುವುದನ್ನು ನೋಡಿ, "ಇದೇನs ಯವ್ವಾ, ಹಲ್ಲಿಲ್ಲದ ಮುದುಕೇರು ಉಣ್ಣೂದು! ಹಲ್ಲಿನ ಡಾಕ್ಟರಾಗಿ!" ಎಂದು ಚೇಷ್ಟೆ ಮಾಡಿದರು. ಎಲ್ಲ ನಕ್ಕರು. ಆಕೆಯೂ ನಕ್ಕರು. ನಗುತ್ತಲೇ ಪಕ್ಕದ ತಟ್ಟೆಯಿಂದ ರೊಟ್ಟಿ ತೆಗೆದುಕೊಂಡು ಮುರಿದರು.

"ವಿಚಾರs ಮಾಡಲಿಲ್ರಿ," ಎಂದರು. "ಹುಟ್ಟಿದಾಗಿಂದ ಮುರದದ್ದು. ಕೈ ತಾನs ಹೋತು."

ಅತ್ತೆ ಗೋಡೆಗೆ ಒರಗಿ ನಿಂತಿದ್ದರು. ಅಳತೊಡಗಿದರು. "ನಾನs ಬಡದ ರೊಟ್ಟಿರಿ ಅದು. ಈ ಕೈ ಸೇದಿ ಹೋಗ್ಲಿ," ಎಂದು ತಮ್ಮ ಬಲಗೈಯನ್ನು ಗೋಡೆಗೆ ಬಡಿದರು. ದಿನವಿಡೀ ಸೇದಿದ ಕೈಗಳನ್ನು ನೋಡುವ ಜಾಗದಲ್ಲಿ ನಿಂತು ಆಡಿದ ಮಾತು. ನನ್ನನ್ನು ಅದು ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಟಿಶ್ಯೂ ಡಬ್ಬಿ ಕೊಟ್ಟೆ.

ಸ್ಪ್ಲಿಂಟು ಬಿಚ್ಚಿ ಕೈಯನ್ನು ಮೆತ್ತೆಯ ಮೇಲೆ ಅಂಗಾತ ಇಟ್ಟೆ. ಕೈ ಸಡಿಲ ಬಿಟ್ಟಾಗ ನಾಲ್ಕು ಬೆರಳೂ ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚು ಬಾಗಿ ಸಾಲಾಗಿ ನಿಲ್ಲುತ್ತವೆ. ಟೆಂಡನ್ನು ಪೂರ್ತಿ ಹರಿದ ಬೆರಳು ಸಾಲು ಬಿಟ್ಟು ನೆಟ್ಟಗೆ ಚಾಚಿಕೊಂಡಿರುತ್ತದೆ. ಆಕೆಯ ತೋರುಬೆರಳು ಸಾಲಿನಿಂದ ಸ್ವಲ್ಪ ಹೊರಗಿತ್ತು. ಪೂರ್ತಿ ಹೊರಗಿರಲಿಲ್ಲ. ನಡುಗೆಣ್ಣನ್ನು ನನ್ನ ಬೆರಳುಗಳಿಂದ ಹಿಡಿದು, "ತುದಿ ಮಡಿಸಿ," ಎಂದೆ.

"ಬರಂಗಿಲ್ರಿ."

"ಮಡಿಸಿ."

ಮಡಿಯಿತು. ವಾರಗಟ್ಟಲೆ ಮೊಂಡು ಹಿಡಿದಿದ್ದ ತುದಿ, ಆ ಬೆಳಿಗ್ಗೆ ನಾನು ಯಾವತ್ತೂ ನೋಡದಷ್ಟು ಮಡಿಯಿತು. ಆಕೆ ತನ್ನ ಬೆರಳನ್ನು ಬೇರೆ ಯಾರದೋ ಎನ್ನುವಂತೆ ನೋಡಿದರು. ನಾನು ಬಿಟ್ಟು ಮತ್ತೆ ಹಿಡಿದೆ. ಮತ್ತೆ ಮಡಿಯಿತು. ಖುಷಿಪಡಬೇಡಿ ಎಂದೆ, ಸಪ್ಪಳ ಬಂದಿದ್ದರೆ ಏನೋ ಹೋಗಿದೆ.

ಹೋಗಿತ್ತು. ಮಧ್ಯಾಹ್ನ ಸರ್ಜನ್ ಅಲ್ಟ್ರಾಸೌಂಡಿನಲ್ಲಿ ನೋಡಿದರು. ಮೇಲಿನ ಲಾಡಿ ಕಿತ್ತುಹೋಗಿತ್ತು, ಒಳಗಿನದು ಉಳಿದಿತ್ತು. ಈಗ ನಿರ್ಧಾರ ಎರಡರಲ್ಲೊಂದು. ತಕ್ಷಣ ಕುಯ್ದು ಮೇಲಿನದನ್ನು ಮತ್ತೆ ಹೊಲಿಯಬಹುದು. ಹೊಲಿದರೆ ಒಳಗಿನದಕ್ಕೂ ಪೆಟ್ಟಾಗಬಹುದು, ಎಲ್ಲ ಮೊದಲಿನಿಂದ. ಇಲ್ಲ, ಅದನ್ನು ಕೈಬಿಟ್ಟು ಒಂದೇ ಲಾಡಿಯಲ್ಲಿ ಬೆರಳನ್ನು ನಡೆಸಬಹುದು. ಬಲ ಕಡಿಮೆಯಾಗುತ್ತದೆ, ಆದರೆ ಇಕ್ಕಟ್ಟು ಸಂದಿಯಲ್ಲಿ ಉಳಿದದ್ದಕ್ಕೆ ಜಾಗ ಸಿಗುತ್ತದೆ. ತುದಿ ಮಡಿಯಲು ಶುರುವಾಗಿದ್ದು ಜಾಗ ಸಿಕ್ಕಿದ್ದಕ್ಕೋ, ಆ ಎಳೆತಕ್ಕೆ ಅಂಟು ಬಿಟ್ಟದ್ದಕ್ಕೋ, ಸರ್ಜನ್‌ಗೂ ಖಚಿತವಿರಲಿಲ್ಲ, ನನಗೂ ಇರಲಿಲ್ಲ. ಇದು ಅದೃಷ್ಟ, ಯಾರೂ ಇದನ್ನು ಚಿಕಿತ್ಸೆ ಎಂದುಕೊಂಡು ರೊಟ್ಟಿ ಮುರಿಯಬಾರದು. ಒಳಗಿನದೂ ಹೋಗಿದ್ದರೆ ಮುಂಗೈಯಿಂದ ಬೇರೆ ಟೆಂಡನ್ನು ತೆಗೆದು ಕಸಿ ಮಾಡಬೇಕಾಗುತ್ತಿತ್ತು. ವರ್ಷದ ಮಾತು, ಕೆಲಸದ ಮಾತೇ ಇಲ್ಲ.

ಆಕೆ ನನ್ನನ್ನು ಕೇಳಿದರು. "ನೀವಾಗಿದ್ರ ಏನ ಮಾಡತಿದ್ರಿ?"

ನನ್ನ ಕೆಲಸದಲ್ಲಿ ಉತ್ತರಿಸಬಾರದ ಪ್ರಶ್ನೆ ಅದು. "ಬಿಟ್ಟುಬಿಡ್ತಿದ್ದೆ," ಎಂದೆ. "ಒಂದು ಹೋಗಿದೆ, ಹೋಗ್ಲಿ. ಇರೋದನ್ನ ಕಾಪಾಡ್ಕೊಳ್ಳೋಣ."

ಆಕೆ ಒಪ್ಪಿದರು. ಮನೆಗೆ ಹೋದ ಮೇಲೆ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಫೋನ್ ಬಂತು. ಊಟ ಆಯ್ತಾ, ಆಯ್ತು. ಇಟ್ಟೆ.

ಮತ್ತೆ ಹಿಂದಕ್ಕೆ ಹೋದೆವು. ಸ್ಪ್ಲಿಂಟು, ಮೆಲ್ಲನೆಯ ಮಡಿಕೆ, ಮೊಸರನ್ನ. ಆಮೇಲೆ ಹಿಟ್ಟಿನ ಉಂಡೆ, ಸ್ಪಂಜು, ಬಟ್ಟೆ ಹಾಕುವ ಕ್ಲಿಪ್ಪು. ಹಿಮ ಕರಗುವ ಹೊತ್ತಿಗೆ ಆಕೆ ತಮ್ಮ ಕ್ಲಿನಿಕ್ಕಿನಿಂದ ಉಪಕರಣಗಳನ್ನು ತಂದು, ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹಲ್ಲಿನ ಸೆಟ್ಟು ಇಟ್ಟುಕೊಂಡು ಕೆರೆಯುತ್ತಿದ್ದರು. ಮರಗಟ್ಟಿದ ಬದಿಯಿಂದ, ಹಲ್ಲು ತಡಕುವ ಸಣ್ಣ ಕೊಂಡಿಯ ತುದಿ ಏನು ಮುಟ್ಟಿತು ಎಂದು ತಿಳಿಯುತ್ತಿರಲಿಲ್ಲ, ಎಷ್ಟೋ ಸಲ ಕೈಜಾರಿ ಬೀಳುತ್ತಿತ್ತು. ಕಡೆಗೆ ಹಿಡಿತವನ್ನೇ ಬದಲಿಸಿದೆವು. ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಉಪಕರಣ, ತೋರುಬೆರಳು ಮೇಲೆ ಸುಮ್ಮನೆ ಆನಿಸಿಕೊಂಡು ದಾರಿ ತೋರಿಸುವುದಕ್ಕೆ. ದಂತವಿದ್ಯೆಯ ಪುಸ್ತಕದಲ್ಲಿ ಹಾಗಿಲ್ಲವಂತೆ.

ಅತ್ತೆ ಊರಿಗೆ ಹೊರಡುವ ಮುಂಚೆ ನನಗೆಂದು ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಅವರ ಕಡೆಯ ಚಟ್ನಿಪುಡಿ, ತಂದುಕೊಟ್ಟರು. ಹಬ್ಬದಿಂದೀಚೆಗೆ ಆ ಮನೆಯಲ್ಲಿ ಅವರು ರೊಟ್ಟಿ ಬಡಿದಿರಲಿಲ್ಲ.

"ಇವತ್ತು ಬಡೀರಿ ಅಮ್ಮಾ," ಎಂದೆ. "ಎರಡೂ ಕೈಯಲ್ಲಿ ಮುರೀಲಿ ಅವರು. ಎಂಜಲಾದ್ರೆ ಆಗ್ಲಿ."

"ಹೂನ್ರಿ," ಎಂದು ನನ್ನ ಕೆನ್ನೆ ಮುಟ್ಟಿ ಲಟಿಕೆ ಮುರಿದುಕೊಂಡು ಹೋದರು.

ಮೇ ತಿಂಗಳಲ್ಲಿ ಆಕೆಯ ಫೋನ್ ಬಂತು. ಅರ್ಧ ದಿನದ ಲೆಕ್ಕದಲ್ಲಿ ಕೆಲಸಕ್ಕೆ ತೆಗೆದುಕೊಂಡಿದ್ದಾರೆ, ಮುಂದೆ ಇಟ್ಟುಕೊಳ್ಳುವುದೋ ಬಿಡುವುದೋ ನೋಡುತ್ತಾರೆ. "ಅಕ್ಕಾ, ಮಾತ ಕೊಟ್ಟಿದ್ದೆ. ಶುಕ್ರವಾರ ಬರ್ರಿ."

ರಾಚೆಸ್ಟರ್ ಹಿಲ್ಸ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಕುರ್ಚಿ ಹಿಂದಕ್ಕೆ ಬಾಗಿತು, ಕಣ್ಣಿಗೆ ದೀಪ ಬಿತ್ತು. ಆಕೆ ಗ್ಲೌಸ್ ಹಾಕಿಕೊಂಡು ಪಕ್ಕದಲ್ಲಿ ಕೂತರು. "ಮೊದಲ ಹಂಗs ನೋಡತೀನಿ, ಆಮ್ಯಾಲ ಇಂಜೆಕ್ಷನ್. ನೋವಾದ್ರ ಕೈ ಎತ್ರಿ," ಎಂದರು. ನಾನು ಬಾಯಿ ತೆರೆದೆ. ಕಣ್ಣು ಮುಚ್ಚಲಿಲ್ಲ, ಹಿಡಿತವನ್ನೇ ನೋಡುತ್ತಿದ್ದೆ. ಹೆಬ್ಬೆರಳು, ನಡುಬೆರಳು, ಮೇಲೆ ತೋರುಬೆರಳು. ಕೊಂಡಿ ಒಂದೊಂದೇ ಹಲ್ಲನ್ನು ತಟ್ಟುತ್ತಾ ಎಡಕ್ಕೆ ಬಂತು. ದವಡೆಹಲ್ಲಿನ ಬುಡಕ್ಕೆ ಮುಟ್ಟಿತು.

ಹಿಂದಿನ ಬೇಸಿಗೆಯಿಂದ ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ನೋವೆಲ್ಲ ಒಟ್ಟಿಗೆ ಎದ್ದು ಕಿವಿಯವರೆಗೂ ಹೋಯಿತು. ನಾನು ಕೈ ಎತ್ತಿದೆ. ಆಕೆಯ ಕೈ ಇದ್ದಲ್ಲೇ ನಿಂತಿತು, ಒಂದಿಷ್ಟೂ ಜಾರದೆ, ಅಲುಗದೆ. ಮೆಲ್ಲಗೆ ಹೊರಗೆ ಬಂತು. ನನ್ನ ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ನಿಲ್ಲಿಸೋಣವೆಂದರೆ ನಿಲ್ಲಲಿಲ್ಲ, ಇನ್ನೂ ಬಂತು.

"ಭಾಳ ನೋವಾತೇನ್ ಅಕ್ಕಾ?"

ಹೌದೆಂದು ತಲೆಯಾಡಿಸಿದೆ. ಎತ್ತಿದ ಕೈ ಇಳಿಸುವುದನ್ನೂ ಮರೆತಿದ್ದೆ. ಆಕೆ ಉಪಕರಣವನ್ನು ತಟ್ಟೆಯಲ್ಲಿಟ್ಟು, ಬಲಗೈ ಚಾಚಿ ನನ್ನ ಕೈ ಹಿಡಿದುಕೊಂಡರು. ಹಿಡಿತ ಬಂದರೆ ಅಳೆಯುವುದು ನನ್ನ ಅಭ್ಯಾಸ, ಅಳುವಾಗಲೂ ಬಿಡಲಿಲ್ಲ. ಮೂರು ಬೆರಳು, ಹೆಬ್ಬೆರಳು ಗಟ್ಟಿಯಾಗಿ ಬಂದು ಕೂತವು. ತೋರುಬೆರಳು ಎಲ್ಲಕ್ಕಿಂತ ಕೊನೆಗೆ ಬಂತು. ತಡವಾಗಿ, ಮೆಲ್ಲಗೆ, ತುದಿಯವರೆಗೂ ಮಡಿದು ನನ್ನ ಅಂಗೈಯನ್ನು ಒತ್ತಿತು.